ನೆತ್ತಿಯಲ್ಲಿ ಒಂದು ಕಡಿಮೆ

ಕರಿಬಂಡೆ ಹಟ್ಟಿ, ತೋವಿನಕೆರೆ ಹತ್ತಿರ
12 ಫೆಬ್ರವರಿ 2023

ಐಮನ್,

ಜನವರಿಯ ಹಾಳೆಗಳನ್ನು ಇದರೊಳಗಿಟ್ಟಿದ್ದೇನೆ. ನೆತ್ತಿಯದು ಮೂರು, ನಡುಬಂಡೆಯದು ಮೂರು, ಬುಡದ್ದು ಮೂರು. ಕಳೆದ ಸಲದ ಹಾಳೆಯಲ್ಲಿ ಎಣ್ಣೆ ಕಲೆ ಇತ್ತೆಂದು ಬರೆದಿದ್ದೆಯಲ್ಲ, ಅದು ಎಣ್ಣೆಯಲ್ಲ, ಮೇಕೆ ನೆಕ್ಕಿದ್ದು. ನಿನ್ನ ಪಿಎಚ್.ಡಿ. ನೋಡುವ ದೊಡ್ಡವರು ಕೇಳಿದರೆ ಹಾಗೆಂದೇ ಹೇಳು, ನನಗೇನೂ ನಾಚಿಕೆಯಿಲ್ಲ.

ನೆತ್ತಿಯ ಮೂರು ದೊಣೆಗಳಲ್ಲಿ ಎರಡು ಒಣಗಿದವು. ದೊಡ್ಡ ದೊಣೆಯಲ್ಲಿ ಮಾತ್ರ ಬಂಡೆಯ ಕುಳಿಯ ತಳದಲ್ಲಿ ಒಂದು ಗೇಣು ನೀರಿದೆ, ಅದೂ ಪಾಚಿ ಕಟ್ಟಿದೆ. ಬಂಡೆ ಪಿಕಳಾರಗಳು ಇಳಿಯಲು ಶುರು ಮಾಡಿವೆ. ಸೋಮವಾರ ಐದು ಹಕ್ಕಿಗಳ ಒಂದು ಗುಂಪು ನಡುಬಂಡೆಯ ಬಸರಿ ಮರದಲ್ಲಿತ್ತು. ಗುರುವಾರದ ಹೊತ್ತಿಗೆ ಅದೇ ಐದು ಬುಡದ ತಲಪರಿಗೆಯ ಹತ್ತಿರ, ಬಂಡೆಯ ಸಂದಿನಿಂದ ನೀರು ಜಿನುಗುವ ಕಡೆ, ಲಂಟಾನದ ಪೊದೆಯೊಳಗೆ ಕೂತಿದ್ದವು. ಅದೇ ಐದು ಎಂದು ಹೇಗೆ ಗೊತ್ತು ಎಂದು ಕೇಳಬೇಡ. ಒಂದಕ್ಕೆ ಬಾಲದ ಗರಿ ಅರ್ಧ ಮುರಿದಿದೆ. ನನ್ನ ಮೇಕೆಗಳನ್ನೂ ನಾನು ಹೀಗೇ ಗುರುತಿಡುವುದು.

ಎರಡು ವರ್ಷದ ಹಿಂದೆ ನೀನು ಸಿರಾದಿಂದ ದುರ್ಬೀನು ಕೊರಳಿಗೆ ಹಾಕಿಕೊಂಡು ಬಂದು, ಹಳದಿ ಕೊರಳಿನ ಈ ಹಕ್ಕಿ ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ನನಗೆ ನಗು ಬಂದಿತ್ತು. ನಾವು ಹೋಗುವ ಕಡೆಗೇ ಹೋಗುತ್ತದೆ, ನೀರಿರುವ ಕಡೆಗೆ. ಅದನ್ನು ತಿಳಿಯಲು ಇಷ್ಟು ಓದಬೇಕೆ ಎಂದುಕೊಂಡಿದ್ದೆ. ಆಮೇಲೆ ಪಾವಗಡದ ಕಾಲೇಜಿನಲ್ಲಿ ಪಾಠದ ಕೆಲಸ ಸಿಕ್ಕಿ ನೀನು ಹೋದೆ, ಎಣಿಸುವ ಕೆಲಸ ನನ್ನ ತಲೆಗೆ ಬಂತು. ಆಗ ಗೊತ್ತಾಯಿತು, ಹಕ್ಕಿ ನೋಡುವುದು ಬೇರೆ, ಹತ್ತು ದಿನಕ್ಕೊಮ್ಮೆ ತಪ್ಪದೆ ನೋಡಿ ಬರೆಯುವುದು ಬೇರೆ. ಹತ್ತನೇ ಕ್ಲಾಸು ಪಾಸು ಮಾಡಿ ಮೂವತ್ತೈದು ವರ್ಷ ಬರೀ ಕೋಲು ಹಿಡಿದವಳ ಕೈಗೆ ಮತ್ತೆ ಪೆನ್ನು ಕೊಟ್ಟೆ. ಅದು ನನಗೆ ಖುಷಿ, ಹೇಳದೆ ಇರಲಾರೆ.

ನಮ್ಮ ಯಜಮಾನರು ಕುರಿ ಹೊಡೆದುಕೊಂಡು ಮದಲೂರು ಕೆರೆಯ ಕಡೆಗೆ ಹೋದರು. ಇನ್ನು ಮಳೆ ಬರುವವರೆಗೆ ಇಲ್ಲಿ ನಾನು, ಮೇಕೆಗಳು, ತಲಪರಿಗೆಯ ನೀರು. ಅದೊಂದು ಇರುವುದರಿಂದ ಬೇಸಿಗೆ ಕಳೆಯುತ್ತದೆ.

ಜುಂಜಮ್ಮ

*

ಪಾವಗಡ
5 ಮಾರ್ಚ್ 2023

ಅಮ್ಮ,

ಮೇಕೆ ನೆಕ್ಕಿದ ಹಾಳೆಯನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಎರಡು ವರ್ಷದ ಹಾಳೆಗಳನ್ನು ಈ ವಾರ ಕೂಡಿಸಿ ನೋಡಿದೆ. ಮೊದಲ ಬೇಸಿಗೆಯಲ್ಲಿ ಬುಡದಲ್ಲಿ ನಲವತ್ತೊಂದು ಹಕ್ಕಿಗಳಿದ್ದವು. ಮಳೆ ಬಿದ್ದ ಮೇಲೆ ನೆತ್ತಿಯಲ್ಲಿ ಸಿಕ್ಕಿದ್ದು ಮೂವತ್ತಮೂರು. ಕಳೆದ ವರ್ಷ ಬುಡದಲ್ಲಿ ನಲವತ್ತಾರು, ನೆತ್ತಿಯಲ್ಲಿ ಮೂವತ್ತೇಳು. ನಡುಬಂಡೆಯಲ್ಲಿ ಒಂದೂ ಉಳಿದಿರಲಿಲ್ಲ, ಬುಡದಲ್ಲೂ ಇಲ್ಲ. ಅಂದರೆ ನೀರಿಗಾಗಿ ಇಳಿದ ಹಕ್ಕಿಗಳಲ್ಲಿ ಸುಮಾರು ಐದಕ್ಕೊಂದು ವಾಪಸ್ಸು ಹತ್ತುತ್ತಲೇ ಇಲ್ಲ. ದೀಪಾವಳಿ ಕಳೆದ ಮೇಲೆ ನೆತ್ತಿಯ ಸಂಖ್ಯೆ ಮತ್ತೆ ಏರುತ್ತದೆ. ಅವು ಆ ವರ್ಷ ಹುಟ್ಟಿ ರೆಕ್ಕೆ ಬಲಿತ ಮರಿಗಳೆಂದು ತೋರುತ್ತದೆ.

ಎರಡು ವರ್ಷವೂ ಒಂದೇ ಪ್ರಮಾಣ ಬಂದದ್ದು ನೋಡಿ ನನ್ನ ಗೈಡ್ ತುಂಬಾ ಮೆಚ್ಚಿದರು. ಇಷ್ಟು ಚಿಕ್ಕ ಬೆಟ್ಟದಲ್ಲಿ, ಇಷ್ಟು ಹತ್ತಿರದ ವಲಸೆಯನ್ನು ಇಷ್ಟು ಶ್ರದ್ಧೆಯಿಂದ ಯಾರೂ ಎಣಿಸಿಲ್ಲ ಎಂದರು. ಆ ಮಾತು ನಿಮಗೆ ಸೇರಬೇಕು. ಅರಣ್ಯ ಇಲಾಖೆಯವರು ಕೇಳಿದ್ದರಿಂದ ಅವರಿಗೂ ಒಂದು ವರದಿ ಬರೆದುಕೊಟ್ಟಿದ್ದೇನೆ.

ಬುಡದಲ್ಲಿ ಏನಾಗುತ್ತಿದೆ ಎಂಬುದೊಂದೇ ಈಗ ಉಳಿದ ಪ್ರಶ್ನೆ. ಬೆಕ್ಕು ಹಿಡಿಯುತ್ತವೆಯೆ, ಯಾರಾದರೂ ಬಲೆ ಹಾಕುತ್ತಾರೆಯೆ? ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಬರೆಯಿರಿ.

ನಿಮ್ಮ
ಐಮನ್

*

ಕರಿಬಂಡೆ ಹಟ್ಟಿ
28 ಮಾರ್ಚ್ 2023

ಐಮನ್,

ಫೋನು ಮಾಡಿ ಬೈಯಬೇಕೆಂದಿದ್ದೆ. ಇಲ್ಲಿ ಸಿಗ್ನಲ್ ಸಿಗುವುದು ಬೆಟ್ಟದ ನೆತ್ತಿಯಲ್ಲಿ ಮಾತ್ರ. ಅಷ್ಟು ಹತ್ತುವುದರೊಳಗೆ ಸಿಟ್ಟು ಇಳಿದುಹೋಗುತ್ತದೆ. ಇಳಿಯಬಾರದೆಂದು ಕೂತು ಬರೆಯುತ್ತಿದ್ದೇನೆ.

ಶುಕ್ರವಾರ ಅರಣ್ಯದ ಗಾರ್ಡ್ ಯುವರಾಜ್ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ತಲಪರಿಗೆಯ ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆಸಿದ. ಒಂದು ಬೋರ್ಡು ಬೇರೆ.

"ಏನಪ್ಪಾ ಇದು?" ಎಂದೆ.

"ನನ್ ಮೇಲೆ ರೇಗ್ಬೇಡಿ ಕಣಮ್ಮ. ಮೇಕೆ ಈ ಕಡೆ ಬುಡಂಗಿಲ್ಲ ಅಂತ ಆರ್ಡ್ರಾಗದೆ. ಪೊದೆಯೆಲ್ಲ ಮೇಯ್ದು ಹಕ್ಕಿ ಸಾಯ್ತಾ ಅವಂತೆ."

"ಯಾರ್ಲಾ ಅಂಗಂದೋರು?"

"ನೀವೇ ಅಲ್ವಾ ಬರ್ದಿರೋದು" ಎಂದು ಮೊಬೈಲು ತೆಗೆದು ತೋರಿಸಿದ. ನನ್ನ ಹಾಳೆ. ನನ್ನ ಅಕ್ಷರ. ಕೆಳಗೆ ಜುಂಜಮ್ಮ ಎಂದು ನಾನೇ ಹಾಕಿದ ಸಹಿ.

ನಮ್ಮ ಬಾವ, ನಮ್ಮವರ ಅಣ್ಣ ಚಿಕ್ಕನರಸಯ್ಯನವರು, ಅಲ್ಲೇ ನಿಂತಿದ್ದರು. "ಓದು ಬಂದೋರ ಜೊತೆ ಸೇರ್ಕಂಡು ನಿನ್ ಮನೆಗೆ ನೀನೇ ಬೇಲಿ ಹಾಕ್ಕಂಡೆ ಬುಡು" ಎಂದರು. ಹಟ್ಟಿಯ ಅಷ್ಟೂ ಜನ ಕೇಳಿಸಿಕೊಂಡರು.

ಈಗ ದಿನಾ ಮೇಕೆಗಳನ್ನು ಮೂರು ಕಿಲೋಮೀಟರು ದೂರದ ಕೆರೆಗೆ ಹೊಡೆದುಕೊಂಡು ಹೋಗಿ ಬರಬೇಕು. ಗಬ್ಬದ ಮೇಕೆಗಳು ಅರ್ಧ ದಾರಿಗೆ ಕೂತುಬಿಡುತ್ತವೆ. ವರದಿಯಲ್ಲಿ ಮೇಕೆಯ ಮಾತು ಬರೆದಿದ್ದೀಯಂತೆ. ನನಗೆ ಬರೆದ ಕಾಗದದಲ್ಲಿ ಬೆಕ್ಕು ಇತ್ತು, ಬಲೆ ಇತ್ತು, ಮೇಕೆ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಉತ್ತರ ಬರೆ.

ಜುಂಜಮ್ಮ

*

ಪಾವಗಡ
9 ಏಪ್ರಿಲ್ 2023

ಅಮ್ಮ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಕಂಬ ನೆಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮೇಯಿಸುವುದೂ ಒಂದು ಕಾರಣವಿರಬಹುದು ಎಂದು ವರದಿಯಲ್ಲಿ ಒಂದು ಸಾಲು ಬರೆದದ್ದು ನಿಜ. ಅದನ್ನು ನಿಮಗೆ ತಿಳಿಸದೆ ಇದ್ದದ್ದೂ ನಿಜ. ನಿಮ್ಮನ್ನು ಎದುರಿಸಲು ಹೆದರಿದೆ. ಅದು ನನ್ನ ತಪ್ಪು, ಕ್ಷಮಿಸಿ.

ಆದರೆ ವರದಿಯನ್ನು ವಾಪಸ್ಸು ತೆಗೆದುಕೊಳ್ಳಲಾರೆ. ಹಕ್ಕಿಗಳು ಇಳಿಯುತ್ತವೆ, ಇಳಿದಷ್ಟು ಹತ್ತುತ್ತಿಲ್ಲ. ಇದು ನನ್ನ ಊಹೆಯಲ್ಲ, ಎಣಿಕೆ. ಎಣಿಸಿದವರು ನೀವು. ಈ ಎಣಿಕೆ ತಪ್ಪೆಂದು ನೀವು ಹೇಳಿದರೆ ಈ ಕ್ಷಣವೇ ಬಿಡುತ್ತೇನೆ. ಸರಿಯೆಂದರೆ ಹಕ್ಕಿಗಳು ಸಾಯುತ್ತಿರುವುದೂ ಸರಿಯೇ. ನಿಮಗೆ ಕಷ್ಟವಾಗುತ್ತದೆಂದು ಇರುವುದನ್ನು ಇಲ್ಲವೆನ್ನಲು ನನ್ನಿಂದ ಆಗುವುದಿಲ್ಲ.

ಹೀಗೆ ಬರೆಯುವಾಗ ನನಗೆ ಸಂಕಟವಾಗುತ್ತಿದೆ. ನಿಮ್ಮ ಮನೆಯ ರೊಟ್ಟಿ ತಿಂದು ಬೆಟ್ಟ ಹತ್ತಿದವಳು ನಾನು. ರಂಜಾನ್ ಹಬ್ಬಕ್ಕೆ ಸಿರಾಕ್ಕೆ ಹೋಗುವಾಗ ಹಟ್ಟಿಗೆ ಬಂದು ಹೋಗಲೇ?

ಐಮನ್

*

ಕರಿಬಂಡೆ ಹಟ್ಟಿ
14 ಜೂನ್ 2023

ಐಮನ್,

ನಿನಗೆ ಇನ್ನು ಬರೆಯಬಾರದೆಂದಿದ್ದೆ. ಎರಡು ತಿಂಗಳು ಹಾಳೆಯನ್ನೂ ಕಳಿಸಲಿಲ್ಲ. ಹಬ್ಬಕ್ಕೆ ನೀನು ಬಂದಾಗ ಕೆರೆ ಕಡೆಗೆ ಹೋಗಿದ್ದಾಳೆಂದು ಹೇಳಿಸಿದೆ. ನಾನು ಒಳಗೇ ಇದ್ದೆ. ಆದರೆ ಎಣಿಸುವುದನ್ನು ಬಿಡಲಿಲ್ಲ. ಸಿಟ್ಟು ನಿನ್ನ ಮೇಲೆ, ಹಕ್ಕಿಗಳೇನು ಮಾಡಿದ್ದವು?

ಮೇ ತಿಂಗಳ ಮಳೆಗೆ ದೊಣೆಗಳು ತುಂಬಿದವು. ಮೇಕೆಗಳನ್ನು ಮೇಲಕ್ಕೆ ಹತ್ತಿಸಿದೆವು, ಪಿಕಳಾರಗಳೂ ಹತ್ತಿದವು. ಮೊನ್ನೆ ಭಾನುವಾರ ದೊಡ್ಡ ದೊಣೆಯ ಹತ್ತಿರ ಕಾರೆ ಗಿಡದಲ್ಲಿ ಒಂದು ಗುಂಪು ಕೂತಿತ್ತು. ಬಾಲ ಮುರಿದದ್ದು ಅದರಲ್ಲಿತ್ತು. ಬುಡದಿಂದ ನಡುಬಂಡೆ, ನಡುಬಂಡೆಯಿಂದ ನೆತ್ತಿ, ಮೂರು ವಾರ ಅದೇ ಐದನ್ನು ಹಿಂಬಾಲಿಸಿಕೊಂಡೇ ಬಂದಿದ್ದೆ. ಐದೂ ಕಣ್ಣೆದುರಿಗಿದ್ದವು. ಕೆಳಗೆ ನೋಡಿದರೆ ಹಾಳೆಯಲ್ಲಿ ನಾಲ್ಕು ಎಂದು ಬರೆದಿದ್ದೆ.

ಇದನ್ನು ಓದಿ ನಿನಗೆ ಏನನ್ನಿಸುತ್ತದೋ ಗೊತ್ತಿಲ್ಲ, ಆದರೂ ಬರೆಯಬೇಕು. ನಮ್ಮ ಹಟ್ಟಿಯಲ್ಲಿ ಒಂದು ರೂಢಿಯಿದೆ, ನಮ್ಮ ಅತ್ತೆ ನನಗೆ ಕಲಿಸಿದ್ದು. ಮಳೆ ಬಿದ್ದು ಮಂದೆ ನೆತ್ತಿಗೆ ಹತ್ತಿದ ಮೇಲೆ ಪ್ರತಿ ಮಂದೆಯಲ್ಲಿ ಒಂದು ಬೆಟ್ಟದ ದೇವರದು. ಅದನ್ನು ಎಣಿಸಕೂಡದು. ಯಾರಾದರೂ ಕೇಳಿದರೂ ಒಂದು ಬಿಟ್ಟೇ ಹೇಳಬೇಕು. ಪೂರ್ತಿ ಎಣಿಸಿದರೆ ಇದೆಲ್ಲ ನನ್ನದು ಎಂದ ಹಾಗೆ, ಆಗ ಅವನು ಕಾಯುವುದನ್ನು ಬಿಡುತ್ತಾನೆ. ದೀಪಾವಳಿಗೆ ಪೂಜೆ ಮಾಡಿ ಆ ಒಂದನ್ನು ಬಿಡಿಸಿಕೊಂಡು ಮಂದೆ ಇಳಿಸುತ್ತೇವೆ. ಅಲ್ಲಿಂದಾಚೆಗೆ ಎಣಿಸಿದರೆ ಅಡ್ಡಿಯಿಲ್ಲ.

ನನಗೆ ಹಕ್ಕಿಗಳ ಒಂದೊಂದು ಗುಂಪೂ ಒಂದೊಂದು ಮಂದೆಯಾಗಿತ್ತು. ಎರಡು ವರ್ಷವೂ ಮಳೆಗಾಲದಲ್ಲಿ ನೆತ್ತಿಯಲ್ಲಿ ಕಂಡ ಪ್ರತಿ ಗುಂಪಿಗೂ ಒಂದು ಕಡಿಮೆ ಬರೆದಿದ್ದೇನೆ. ಬೇಕೆಂದು ಮಾಡಿದ್ದಲ್ಲ, ಸುಳ್ಳು ಎಂದೂ ಅನ್ನಿಸಿರಲಿಲ್ಲ. ಹಳೆಯ ಹಾಳೆಗಳನ್ನು ತೆಗೆದು ನೋಡು. ಕಳೆದ ವರ್ಷ ಒಂಬತ್ತು ಗುಂಪು, ನಿನಗೆ ಸಿಗದೆ ಹೋದದ್ದೂ ಒಂಬತ್ತು ಹಕ್ಕಿ. ಅದರ ಹಿಂದಿನ ವರ್ಷ ಎಂಟು, ಎಂಟು.

ಒಂದೂ ಸತ್ತಿಲ್ಲ, ಐಮನ್. ಎಲ್ಲವೂ ವಾಪಸ್ಸು ಹತ್ತಿವೆ. ಇದನ್ನು ಬರೆದರೆ ನಿನ್ನ ಓದು ಕೆಡುತ್ತದೆಂದು ಮೂರು ದಿನ ಕಾಗದ ಮುಟ್ಟಲಿಲ್ಲ. ಬರೆಯದಿದ್ದರೆ ತಂತಿ ಹಾಗೇ ಉಳಿಯುತ್ತದೆ.

ಜುಂಜಮ್ಮ

*

ಸಿರಾ
8 ಜುಲೈ 2023

ಅಮ್ಮ,

ನಿಮ್ಮ ಕಾಗದ ಬಂದು ಇಪ್ಪತ್ತು ದಿನವಾಯಿತು. ಓದಿದ ದಿನ ನಿಮ್ಮ ಮೇಲೆ ಎಷ್ಟು ಕೋಪ ಬಂತೆಂದರೆ ಅದನ್ನು ಹರಿದು ಹಾಕಬೇಕೆನ್ನಿಸಿತು. ಆಮೇಲೆ ನನ್ನ ಮೇಲೇ ಕೋಪ ಬಂತು. ಒಂಬತ್ತು ಸತ್ತವು, ದೀಪಾವಳಿಯ ನಂತರ ಒಂಬತ್ತು ಮರಿಗಳು ಸೇರಿದವು ಎಂದು ಬರೆದವಳು ನಾನು. ಲೆಕ್ಕ ಅಷ್ಟು ಚೆನ್ನಾಗಿ ಸರಿಹೊಂದಿತ್ತು. ಸರಿಹೊಂದಿದ್ದರಿಂದಲೇ ಒಂದು ಸಲವೂ ಮಳೆಗಾಲದಲ್ಲಿ ನಿಮ್ಮ ಜೊತೆ ನೆತ್ತಿಗೆ ಬಂದು ನೋಡಲಿಲ್ಲ. ಬಂದು ಒಂದು ಬೆಳಗ್ಗೆ ಪಕ್ಕದಲ್ಲಿ ನಿಂತಿದ್ದರೆ ಸಾಕಿತ್ತು.

ಬಕ್ರೀದಿಗೆ ಮನೆಗೆ ಬಂದವಳು ಹುಷಾರಿಲ್ಲವೆಂದು ಇಲ್ಲೇ ಉಳಿದಿದ್ದೆ. ನಿನ್ನೆ ಅಬ್ಬಾನ ಕನ್ನಡಕದ ಅಂಗಡಿಯಲ್ಲಿ ಅವರ ಎದುರು ಕೂತು ಎಲ್ಲ ಹೇಳಿದೆ. ಅಬ್ಬಾ ಒಂದು ಕನ್ನಡಕದ ಫ್ರೇಮಿಗೆ ಗಾಜು ಕೂರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಬೇಟಿ, ಆಯಮ್ಮ ಮೂರ್ ದಿನ ಸುಮ್ನಿದ್ರು ಅಂದಿಯಲ್ಲ. ನೀನ್ ಎಷ್ಟ್ ದಿನ ಆಯ್ತು?"

"ಇಪ್ಪತ್ತು."

"ಹಂಗಾದ್ರೆ ಈಗ ಆ ಗಲ್ತಿ ಆಯಮ್ಮಂದಲ್ಲ, ನಿಂದು" ಎಂದರು. ಅಷ್ಟೇ. ಮುಂದಿನ ಗಿರಾಕಿಯ ಕಡೆ ತಿರುಗಿದರು.

ಇವತ್ತು ಬೆಳಗ್ಗೆ ಗೈಡ್‌ಗೂ ಅರಣ್ಯ ಕಚೇರಿಗೂ ವರದಿ ವಾಪಸ್ಸು ತೆಗೆದುಕೊಂಡಿದ್ದೇನೆಂದು ಬರೆದೆ. ತಪ್ಪು ನನ್ನ ವಿಧಾನದ್ದು ಎಂದು ಬರೆದಿದ್ದೇನೆ, ನಿಮ್ಮದೆಂದಲ್ಲ. ಗೈಡ್ ಫೋನು ಮಾಡಿ ಒಂದು ವರ್ಷ ಹಿಂದೆ ಬಿದ್ದೆ ಎಂದರು. ಕಚೇರಿಯವರು ಇನ್ನೂ ಕಷ್ಟದ ಮಾತು ಹೇಳಿದರು. ಒಮ್ಮೆ ತಪ್ಪಿದ ಎಣಿಕೆಯ ಮೇಲೆ ಕಂಬ ಕೀಳಲಾಗುವುದಿಲ್ಲ, ಇಳಿದದ್ದು ಹತ್ತಿದ್ದು ಎರಡನ್ನೂ ಪೂರ್ತಿ ಒಂದು ಸುತ್ತು, ಇಬ್ಬರು ಬೇರೆಬೇರೆಯಾಗಿ ಎಣಿಸಿ ತೋರಿಸಿ ಎಂದರು. ಅಂದರೆ ಇನ್ನೊಂದು ಬೇಸಿಗೆ ನಿಮ್ಮ ಮೇಕೆಗಳು ಕೆರೆಗೆ ನಡೆಯಬೇಕು.

ನಾನು ಎಣಿಸುತ್ತೇನೆ. ಎರಡು ವಾರಕ್ಕೊಮ್ಮೆ ಶನಿವಾರ ಬಂದು ಭಾನುವಾರ ಬೆಟ್ಟ ಸುತ್ತುತ್ತೇನೆ. ಇನ್ನೊಬ್ಬರು ನೀವೇ ಆಗಬೇಕೆಂದು ಆಸೆ. ಆದರೆ ನೆತ್ತಿಯಲ್ಲಿ ಪೂರ್ತಿ ಬರೆಯಲು ನಿಮ್ಮ ಮನಸ್ಸು ಒಪ್ಪದಿದ್ದರೆ ಬೇಡ ಎನ್ನಿ. ಬೇರೆ ಯಾರನ್ನಾದರೂ ಹುಡುಕುತ್ತೇನೆ, ನಿಮ್ಮ ಮೇಲೆ ಒಂದು ಚೂರೂ ಬೇಸರವಿರುವುದಿಲ್ಲ.

ಐಮನ್

*

ಕರಿಬಂಡೆ ಹಟ್ಟಿ
25 ಜುಲೈ 2023

ಐಮನ್,

ಬೇರೆ ಯಾರನ್ನು ಹುಡುಕುತ್ತೀಯ? ನಿನ್ನ ಕಾಲೇಜಿನ ಹುಡುಗಿಯರು ನಡುಬಂಡೆಗೆ ಬರುವಷ್ಟರಲ್ಲಿ ಹಕ್ಕಿಗಳು ಗೂಡು ಸೇರಿರುತ್ತವೆ. ನಾನೇ ಎಣಿಸುತ್ತೇನೆ.

ಮನಸ್ಸು ಒಪ್ಪಿತೇ ಎಂದು ಕೇಳಿದೆಯಲ್ಲ. ಇಲ್ಲ, ಒಪ್ಪಿಲ್ಲ. ಹೆದರಿಕೆ ಇದೆ. ಬಾವನವರಿಗೆ ವಿಷಯ ಹೇಳಿದ್ದಕ್ಕೆ, "ಹಕ್ಕಿ ಲೆಕ್ಕ ಅಂತ ಶುರು ಮಾಡ್ತೀಯ, ನಾಳೆ ಮೇಕೆಗೂ ಬತ್ತದೆ. ದೇವ್ರುದ್ಕೆ ಕೈ ಹಾಕ್ಬೇಡ ಕಣಮ್ಮ" ಎಂದರು. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದೇ ಮಳೆಗಾಲದಲ್ಲಿ ಅವರ ಅರ್ಧ ಮಂದೆ ರೋಗಕ್ಕೆ ಹೋಗಿತ್ತು. ಆ ವರ್ಷ ಯಾರೋ ದಲ್ಲಾಳಿಗೆ ಪೂರ್ತಿ ಲೆಕ್ಕ ಹೇಳಿದ್ದರಂತೆ.

ಶನಿವಾರ ಒಬ್ಬಳೇ ನೆತ್ತಿಗೆ ಹೋಗಿ ದೇವರ ಕಲ್ಲಿಗೆ ಕಾಯಿ ಒಡೆದೆ. ಅವನಿಗೆ, ಹಕ್ಕಿಗಳು ನನ್ನವಲ್ಲ, ನಿನ್ನವೇ, ನಿನ್ನ ಲೆಕ್ಕ ನಾನು ತಪ್ಪು ಬರೆದೆ, ಈಗ ಸರಿ ಬರೆಯುತ್ತೇನೆ ಎಂದೆ. ಆಮೇಲೆ ಎದ್ದು ಎಣಿಸಿದೆ. ಮೊದಲ ಗುಂಪು ಆರು. ಅಭ್ಯಾಸಕ್ಕೆ ಐದು ಎಂದು ಬರೆದು, ಹೊಡೆದು, ಆರು ಎಂದು ಬರೆದೆ. ಮಿಕ್ಕ ಗುಂಪುಗಳದು ನೆಟ್ಟಗಿದೆ, ನೋಡಿಕೋ.

ಒಂದು ಷರತ್ತು. ನೀನು ಬಂದಾಗ ನಿನ್ನ ಹಾಳೆ ನನಗೆ ತೋರಿಸಕೂಡದು, ನನ್ನದನ್ನು ನೀನು ಕೇಳಕೂಡದು. ಇನ್ನು ಮೇಲೆ ಇಬ್ಬರ ಹಾಳೆಗಳೂ ಅಂಟು ಹಾಕಿದ ಕವರಿನಲ್ಲಿರಲಿ. ಇನ್ನೊಂದು ಸಲ ಯಾರೂ ನಮ್ಮನ್ನು ಕೇಳಬಾರದು.

ಜುಂಜಮ್ಮ

*

ಪಾವಗಡ
31 ಮಾರ್ಚ್ 2024

ಅಮ್ಮ,

ಕಳೆದ ಭಾನುವಾರ ನೀವು ನನ್ನನ್ನು ಗದರಿದ್ದು ಇನ್ನೂ ಕಿವಿಯಲ್ಲಿದೆ. ರಂಜಾನಿನ ರೋಜಾ ಉಪವಾಸ ಇರುವವಳು, ಒಂದು ತೊಟ್ಟು ನೀರೂ ಕುಡಿಯದೆ ಮಾರ್ಚಿನ ಬಿಸಿಲಲ್ಲಿ ಬೆಟ್ಟ ಸುತ್ತಿದ್ದು ಹುಚ್ಚುತನ ಎಂದಿರಿ. ಆದರೆ ಹಕ್ಕಿಗಳು ಇಳಿಯುವುದು ಈಗಲೇ. ಹಬ್ಬ ಮುಗಿಯುವವರೆಗೆ ಕಾದಿದ್ದರೆ ಬುಡದ ಲೆಕ್ಕದಲ್ಲಿ ಎರಡು ಹಾಳೆ ಖಾಲಿ ಬೀಳುತ್ತಿದ್ದವು. ಇನ್ನು ಒಂದು ಹಾಳೆಯೂ ಖಾಲಿ ಬೀಳಲು ಬಿಡುವುದಿಲ್ಲ ಎಂದು ಹಠ ಹಿಡಿದಿದ್ದೇನೆ.

ನನ್ನ ಮನೆಯೊಡತಿ ಪುಷ್ಪಾವತಮ್ಮನವರಿಗೆ ಇದೆಲ್ಲ ವಿಚಿತ್ರ. ನಸುಕಿಗೇ ಬ್ಯಾಗು ಹಿಡಿದು ಹೊರಟರೆ ಬಾಗಿಲಲ್ಲಿ ನಿಂತು "ಮಳ್ಳೀ ಕೊಂಡಕೇನಾ ಅಮ್ಮಾ?" ಎನ್ನುತ್ತಾರೆ. ಹೌದು, ಮತ್ತೆ ಬೆಟ್ಟಕ್ಕೇ ಎನ್ನುತ್ತೇನೆ. ಮಧುಗಿರಿಯಲ್ಲಿ ಇಳಿದು, ಕೊರಟಗೆರೆಯಲ್ಲಿ ಇಳಿದು, ತೋವಿನಕೆರೆಯ ಬಸ್ಸಿಗೆ ಕಾಯುವಾಗ ಕೆಲವು ಸಲ ನನಗೂ ಯಾಕಪ್ಪಾ ಇದು ಎನ್ನಿಸುತ್ತದೆ. ನಿಮ್ಮ ಮೇಕೆಗಳು ದೂಳಿನಲ್ಲಿ ಕೆರೆಯ ಕಡೆ ಹೋಗುವುದನ್ನು ಕಂಡ ಮೇಲೆ ಎನ್ನಿಸುವುದಿಲ್ಲ.

ಇಬ್ಬರೂ ಒಂದೇ ಬೆಟ್ಟ ಸುತ್ತಿ ಬಂದು, ಎದುರುಬದುರು ಕೂತು, ಹಕ್ಕಿಯ ಮಾತೊಂದು ಬಿಟ್ಟು ಲೋಕದ ಮಾತೆಲ್ಲ ಆಡುವುದಿದೆಯಲ್ಲ, ಅದೇ ನನಗೆ ಎಲ್ಲಕ್ಕಿಂತ ಕಷ್ಟ. ಮೊನ್ನೆ ನೀವು ಮುದ್ದೆ ತಿರುವುತ್ತಾ ನಿಮ್ಮಷ್ಟಕ್ಕೇ ನಕ್ಕಿರಿ. ಹೊಸ ಗುಂಪು ಕಂಡಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಐಮನ್

*

ಕರಿಬಂಡೆ ಹಟ್ಟಿ
20 ಮೇ 2024

ಐಮನ್,

ಬುಡದ ಹಾಳೆಗಳ ಕವರು ಇದರ ಜೊತೆಗಿದೆ. ಅಂಟಿನ ಮೇಲೆ ಅಡ್ಡ ಸಹಿ ಹಾಕಿದ್ದೇನೆ.

ಈ ಬೇಸಿಗೆ ಹೋದ ವರ್ಷದಂತಲ್ಲ. ಕೆರೆಯ ನೀರು ಏಪ್ರಿಲಿಗೇ ಕೆಸರಾಯಿತು. ಎರಡು ಮೇಕೆ ತಿಂಗಳು ತುಂಬದೆ ದಾರಿಯಲ್ಲೇ ಕಂದು ಹಾಕಿದವು. ತಂತಿಯ ಆಚೆ ತಲಪರಿಗೆಯ ನೀರು ಸುಮ್ಮನೆ ತುಂಬಿ ಹರಿದು ಮಣ್ಣಿಗೆ ಹೋಗುತ್ತಿರುವುದನ್ನು ನಿಂತು ನೋಡಿದೆ. ತಂತಿ ಎತ್ತಿ ಮೇಕೆ ನುಗ್ಗಿಸಿದರೆ ಯುವರಾಜನೇನೂ ಓಡಿಬರುತ್ತಿರಲಿಲ್ಲ. ನಮ್ಮವರು ಮದಲೂರಿನಿಂದ ಬಂದಿದ್ದಾಗ "ನುಗ್ಸು, ಯಾರ್ ನೋಡ್ತಾರೆ" ಎಂದರು. ನುಗ್ಗಿಸಿದರೆ ಎಣಿಕೆ ಕೆಡುತ್ತದೆ, ಹಕ್ಕಿ ಬೆದರುತ್ತವೆ, ಆಮೇಲೆ ಯಾರ ಮುಖ ಹೇಗೆ ನೋಡಲಿ ಎಂದೆ. "ನಿಂದು ಕಲ್ಲೆದೆ ಬುಡು" ಎಂದು ಅವರೇ ಕೊಡ ಹೊತ್ತು ನೀರು ತಂದರು.

ಮಳೆ ಎರಡು ಸಲ ಬಿದ್ದಿದೆ. ಹಕ್ಕಿಗಳು ನಡುಬಂಡೆ ದಾಟುತ್ತಿವೆ. ಮಂದೆಯನ್ನೂ ನಾಳಿದ್ದು ಹತ್ತಿಸುತ್ತೇವೆ.

ಜುಂಜಮ್ಮ

*

ಪಾವಗಡ
4 ಆಗಸ್ಟ್ 2024

ಅಮ್ಮ,

ಶುಕ್ರವಾರ ಕಚೇರಿಯಲ್ಲಿ ಎಲ್ಲರ ಎದುರು ಕವರುಗಳನ್ನು ಒಡೆದರು. ಬುಡದಲ್ಲಿ ನಿಮ್ಮ ಎಣಿಕೆ ನಲವತ್ತೆಂಟು, ನನ್ನದು ನಲವತ್ತೇಳು. ನೆತ್ತಿಯಲ್ಲಿ ನಿಮ್ಮದು ನಲವತ್ತೇಳು, ನನ್ನದು ನಲವತ್ತೈದು. ಇಷ್ಟು ಅಂತರ ಯಾವ ಬೆಟ್ಟದಲ್ಲಾದರೂ ಇರುತ್ತದೆ. ಇಳಿದ ಹಕ್ಕಿಗಳು ಹತ್ತಿವೆ. ನನಗೆ ಅಲ್ಲೇ ಅಳು ಬಂದುಬಿಟ್ಟಿತು.

ನಿಮ್ಮ ರೂಢಿಯ ವಿಷಯವನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆಯುತ್ತಿದ್ದೇನೆ. ನಾನು ಹೇಗೆ ತಪ್ಪಿದೆ ಎಂಬುದಕ್ಕೇ ಒಂದು ಅಧ್ಯಾಯ.

ಇನ್ನು ತಲಪರಿಗೆ. ದಾರಿ ಬಿಡಲು ಒಪ್ಪಿದ್ದಾರೆ, ಪೊದೆಗಳಿರುವ ಮಗ್ಗುಲು ಬಿಟ್ಟು ನೀರಿಗೆ ನೇರ ದಾರಿ. ಆದರೆ ಎಷ್ಟು ಮೇಕೆಗೆ ಎಂದು ಪಾಸು ಕೊಡುತ್ತಾರಂತೆ. ಈ ತಿಂಗಳ ಕೊನೆಯೊಳಗೆ ಯಾರ ಮಂದೆ ಅವರು ಸಂಖ್ಯೆ ಹೇಳಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಹೇಳಿದ್ದಕ್ಕಿಂತ ಒಂದು ಹೆಚ್ಚು ಕಂಡರೂ ಪಾಸು ರದ್ದು.

ದೀಪಾವಳಿಯ ನಂತರ ಬರೆಸಿಕೊಳ್ಳಿ ಎಂದು ಎಷ್ಟೋ ಕೇಳಿಕೊಂಡೆ. ಆಗುವುದಿಲ್ಲ ಎಂದರು. ಮಂದೆ ಈಗ ನೆತ್ತಿಯಲ್ಲಿದೆ ಎಂದು ನನಗೆ ಗೊತ್ತು. ಏನು ಮಾಡಿ ಎಂದು ಹೇಳುವ ಬಾಯಿ ನನಗಿಲ್ಲ. ನೀವು ಏನು ತೀರ್ಮಾನಿಸಿದರೂ ನಾನು ನಿಮ್ಮ ಕಡೆ.

ನಿಮ್ಮ
ಐಮನ್

*

ಕರಿಬಂಡೆ ಹಟ್ಟಿ
8 ಸೆಪ್ಟೆಂಬರ್ 2024

ಐಮನ್,

ಕಳೆದ ತಿಂಗಳು ಇಪ್ಪತ್ತೆಂಟಕ್ಕೆ ಯುವರಾಜ್ ರಿಜಿಸ್ಟರು ಹಿಡಿದು ಹಟ್ಟಿಗೆ ಬಂದ. ಕಟ್ಟೆಯ ಮೇಲೆ ಎಲ್ಲರೂ ಕೂತಿದ್ದರು. ಮೊದಲು ಯಾರು ಎಂದ. ಯಾರೂ ಎದ್ದೇಳಲಿಲ್ಲ. ಬಾವನವರು ನೆಲ ನೋಡುತ್ತಿದ್ದರು.

ನಾನು ಎದ್ದೆ. "ಎಷ್ಟಮ್ಮ?" ಎಂದ.

"ಅರವತ್ತಮೂರು" ಎಂದೆ. ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ಮಳೆಗಾಲದಲ್ಲಿ ನನ್ನ ಬಾಯಿಂದ ಪೂರ್ತಿ ಲೆಕ್ಕ ಬಂದದ್ದು ಅದೇ ಮೊದಲು. ಬಾವನವರು ಟವೆಲ್ಲು ಕೊಡವಿ ಎದ್ದು ಹೋದರು. ನಾನು ಸಹಿ ಹಾಕಿದೆ, ಪಾಸು ಕೈಗೆ ಬಂತು. ಬರುವ ಬೇಸಿಗೆಗೆ ಮೇಕೆಗಳು ಕೆರೆಗೆ ನಡೆಯಬೇಕಾಗಿಲ್ಲ. ನಿನಗೆ ಅವತ್ತೇ ಬರೆಯಬೇಕೆಂದಿದ್ದೆ.

ಆರನೇ ದಿನ ಚಿರತೆ ಬಂತು. ಹಗಲಿನಲ್ಲೇ, ನೆತ್ತಿಯ ಕಲ್ಲಿನ ಹಿಂದಿನಿಂದ. ಎರಡು ಮರಿ ಹಾಕಿ ಹಾಲೂಡಿಸುತ್ತಿದ್ದ ಕೆಂದ ಮೇಕೆಯನ್ನು ಹಿಡಿದು ಬಂಡೆ ಹಾರಿತು. ಕೂಗಿಕೊಂಡು ಕಲ್ಲು ಬೀಸಿದೆ. ರಕ್ತ ಮಾತ್ರ ಸಿಕ್ಕಿತು.

ಸಂಜೆ ಬಾವನವರು ಬಂದು ಬಾಗಿಲಲ್ಲಿ ನಿಂತರು. "ಹೇಳ್ಬುಟ್ಟಿದ್ದೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ನನಗೂ ಇತ್ತು. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಐಮನ್, ನಾನು ಬಾಯಿ ಬಿಟ್ಟಿದ್ದಕ್ಕೇ ಅದು ಹೋಯಿತೇನೋ ಎಂದು ನನಗೆ ಈ ಹೊತ್ತಿಗೂ ಅನ್ನಿಸುತ್ತದೆ. ಚಿರತೆ ಪ್ರತಿ ವರ್ಷ ಒಂದೋ ಎರಡೋ ಹಿಡಿಯುತ್ತದೆ ಎಂದು ನೀನು ಬರೆಯುತ್ತೀಯ. ಅದೂ ಗೊತ್ತು. ಎರಡೂ ಗೊತ್ತಿದ್ದುಕೊಂಡೇ ಬದುಕಬೇಕು.

ಮಾರನೇ ಬೆಳಗ್ಗೆ ಬಸ್ಸು ಹಿಡಿದು ಕಚೇರಿಗೆ ಹೋದೆ. ಯುವರಾಜ್ ಪರಿಹಾರ ಕೇಳಲು ಬಂದೆನೆಂದು ಅರ್ಜಿ ಹುಡುಕತೊಡಗಿದ.

"ಅರ್ಜಿ ಆಮ್ಯಾಕೆ. ರಿಜಿಸ್ಟ್ರು ತೆಗಿ. ಅರವತ್ಮೂರು ಅಂತ ಬರ್ಸಿದೀನಿ. ಈಗ ಅರವತ್ತೆರಡೇ ಇರೋದು."

"ಕಡ್ಮೆ ಆದ್ರೆ ಯಾರೂ ಕೇಳಲ್ಲ ಬುಡಮ್ಮ. ಒಂದ್ ಮೇಕೆಗೆ ಯಾರ್ ತಿದ್ದುಸ್ತಾರೆ?"

"ನಾನು ತಿದ್ದುಸ್ತೀನಿ. ಸಹಿ ನಂದು."

ಅವನು ನನ್ನ ಮುಖ ನೋಡಿದ, ಹಳೆಯದನ್ನು ಹೊಡೆದು ಹೊಸದು ಬರೆದ. ಪಕ್ಕದಲ್ಲಿ ಸಹಿ ಹಾಕಿ ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟೆ.

ಊಟ ಮಾಡದೆ ನೇರ ನೆತ್ತಿಗೆ ಹತ್ತಿದೆ. ತಾಯಿ ಹೋದ ಎರಡು ಮರಿಗಳು ಬೇರೆ ಮೇಕೆಗಳ ಕೆಚ್ಚಲಿಗೆ ಬಾಯಿ ಹಾಕಲು ಹೋಗಿ ಒದೆಸಿಕೊಳ್ಳುತ್ತಿದ್ದವು. ಎರಡನ್ನೂ ಎತ್ತಿ ಸೆರಗಿನಲ್ಲಿ ಹಾಕಿಕೊಂಡೆ. ಆಮೇಲೆ ದೇವರ ಕಲ್ಲಿನ ಎದುರು ನಿಂತು, ಒಂದೊಂದರ ಕಡೆಗೂ ಕೈ ತೋರಿಸಿ, ಅವನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಎಣಿಸಿದೆ. ಅರವತ್ತೆರಡೂ ಇದ್ದವು.

ಜುಂಜಮ್ಮ